ಮುಖವನ್ನು ಸುತ್ತಣ ದೃಶ್ಯದಿಂದ ಕತ್ತರಿಸದಿರಿ

ಮಾನ್ಯ ಸಂಪಾದಕರೇ,

ಹಾಸನದಲ್ಲಿ 35 ವರ್ಷಗಳಿಂದ ಫೋಟೊ ಸ್ಟುಡಿಯೊ ನಡೆಸುತ್ತಿದ್ದೇನೆ. ಈ ಅವಧಿಯಲ್ಲಿ ನಾನು ತೆಗೆದ ಪಾಸ್‌ಪೋರ್ಟ್ ಸೈಜಿನ ಚಿತ್ರಗಳ ಲೆಕ್ಕ ನನಗೇ ಇಲ್ಲ. ಅವುಗಳಲ್ಲೊಂದು ಕೆಲವು ವರ್ಷಗಳ ಹಿಂದೆ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಅದು ತಮ್ಮ ಪತ್ರಿಕೆಯಲ್ಲ. ಕಾಫಿ ಗೋದಾಮಿನ ಕಳವಿನ ಸುದ್ದಿಯ ಪಕ್ಕದಲ್ಲಿ, ದಪ್ಪಕ್ಷರದ ತಲೆಬರಹದ ಕೆಳಗೆ, ವಿಚಾರಣೆಗೆಂದು ಕರೆದೊಯ್ದಿದ್ದ ಯುವಕನ ಮುಖವಿತ್ತು. ಆ ದಿನ ಬೆಳಿಗ್ಗೆ ಅಂಗಡಿಗೆ ಬಂದವರು ಪತ್ರಿಕೆಯನ್ನು ಕೌಂಟರಿನ ಮೇಲೆ ಹರಡಿಕೊಂಡು ಅದನ್ನೇ ನೋಡುತ್ತಿದ್ದರು. "ಕಣ್ಣು ನೋಡಿದರೇ ಗೊತ್ತಾಗುತ್ತೆ ಸಾರ್" ಎಂದರು ಒಬ್ಬರು. "ತುಟಿ ಹೇಗೆ ಬಿಗಿದಿದ್ದಾನೆ ನೋಡಿ, ಕಲ್ಲು ಮನಸ್ಸು" ಎಂದರು ಇನ್ನೊಬ್ಬರು.

ಆ ಚಿತ್ರ ತೆಗೆದ ದಿನ ನನಗೆ ಚೆನ್ನಾಗಿ ನೆನಪಿತ್ತು. ಹುಡುಗ ಕೆಲಸದ ಅರ್ಜಿಗೆಂದು ಬಂದಿದ್ದ. ಜೊತೆಗೆ ಬಂದಿದ್ದ ಗೆಳೆಯ ನನ್ನ ಬೆನ್ನ ಹಿಂದೆ ನಿಂತು ಅಣಕಿಸುತ್ತಿದ್ದುದರಿಂದ ಅವನಿಗೆ ನಗು ತಡೆಯಲು ಆಗುತ್ತಿರಲಿಲ್ಲ. "ನಗಬೇಡಪ್ಪಾ, ಬಾಯಿ ಮುಚ್ಚಿಕೊಂಡು ನೇರ ನೋಡು" ಎಂದು ನಾನೇ ಎರಡು ಸಲ ಗದರಿದ್ದೆ. ಊರಿನವರು ಕಲ್ಲು ಮನಸ್ಸೆಂದು ಓದಿದ ಆ ಬಿಗಿದ ತುಟಿ, ನಗುವನ್ನು ಒಳಗೇ ನುಂಗಿಕೊಂಡ ತುಟಿ. ಎರಡು ವಾರಗಳ ನಂತರ ಕಳವಿಗೂ ಅವನಿಗೂ ಸಂಬಂಧವಿಲ್ಲವೆಂದು ತಿಳಿದು ಅವನನ್ನು ಬಿಟ್ಟು ಕಳಿಸಿದರು. ಆ ಸುದ್ದಿ ಒಳಪುಟದಲ್ಲಿ ನಾಲ್ಕು ಸಾಲಾಗಿ ಬಂತು. ಅದರ ಜೊತೆಯಲ್ಲಿ ಚಿತ್ರವಿರಲಿಲ್ಲ.

ನನ್ನ ಅಂಗಡಿಯಲ್ಲಿ ನಿಂತು ಹಾಗೆ ಮಾತಾಡಿದವರು ಕೆಟ್ಟವರಲ್ಲ. ಅವರು ಕಂಡದ್ದನ್ನೇ ಹೇಳಿದರು. ಆದರೆ ಅವರು ಕಂಡದ್ದು ಮುಖದಲ್ಲಿ ಇದ್ದುದನ್ನಲ್ಲ, ಮುಖದ ಸುತ್ತ ಇದ್ದುದನ್ನು. ಮನುಷ್ಯರ ಕಣ್ಣಿನ ಈ ಸ್ವಭಾವ ಪತ್ರಿಕೆಯಲ್ಲಿ ಚಿತ್ರಗಳನ್ನು ಆಯ್ದು, ಕತ್ತರಿಸಿ, ಜೋಡಿಸುವವರ ಗಮನದಲ್ಲಿ ಸದಾ ಇರಬೇಕೆಂಬ ಮನವಿಯೊಂದಿಗೆ ಈ ಪತ್ರ ಬರೆಯುತ್ತಿದ್ದೇನೆ.

ಸಿನಿಮಾ ಕಲಿತವರಿಗೆ ಇದು ಹಳೆಯ ಪಾಠ. ಸುಮಾರು ಒಂದು ಶತಮಾನದ ಹಿಂದೆ ರಷ್ಯಾದ ನಿರ್ದೇಶಕ ಲೆವ್ ಕುಲೆಶೋವ್ ನಡೆಸಿದ ಪ್ರಯೋಗವೊಂದನ್ನು ಅವರ ಶಿಷ್ಯ ಪುಡೋವ್‌ಕಿನ್ ಬರೆದಿಟ್ಟಿದ್ದಾರೆ. ಮೊಝುಖಿನ್ ಎಂಬ ಪ್ರಸಿದ್ಧ ನಟನ ಮುಖವನ್ನು, ಯಾವ ಭಾವವೂ ಎದ್ದು ಕಾಣದಂತಹ ಒಂದೇ ತುಣುಕನ್ನು, ಅವರು ಮೂರು ಬೇರೆ ಬೇರೆ ದೃಶ್ಯಗಳಿಗೆ ಜೋಡಿಸಿದರಂತೆ: ಒಂದು ಬಟ್ಟಲು ಸೂಪು, ಶವಪೆಟ್ಟಿಗೆಯಲ್ಲಿ ಮಲಗಿಸಿದ ಹೆಂಗಸು, ಆಟವಾಡುತ್ತಿರುವ ಮಗು. ನೋಡಿದವರು ನಟನ ಹಸಿವನ್ನೂ ದುಃಖವನ್ನೂ ಅಕ್ಕರೆಯನ್ನೂ ಕೊಂಡಾಡಿದರು. ಮುಖ ಮಾತ್ರ ಮೂರು ಸಲವೂ ಒಂದೇ ಆಗಿತ್ತು.

ಈ ಕತೆಯನ್ನು ಹೇಳುವಾಗ ಇನ್ನೊಂದು ಮಾತನ್ನೂ ಹೇಳಬೇಕು. ಕುಲೆಶೋವರ ಆ ಫಿಲ್ಮು ಉಳಿದುಬಂದಿಲ್ಲ. 1992ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಅದೇ ಬಗೆಯ ಪ್ರಯೋಗವನ್ನು ಮತ್ತೆ ಮಾಡಿ ನೋಡಿದಾಗ ಹೇಳುವಂತಹ ಪರಿಣಾಮವೇನೂ ಕಾಣಲಿಲ್ಲ. 2006ರಲ್ಲಿ ಮಿದುಳಿನ ಸ್ಕ್ಯಾನಿಂಗ್ ಮೂಲಕ ನಡೆಸಿದ ಅಧ್ಯಯನದಲ್ಲಿಯೂ 2016ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗದಲ್ಲಿಯೂ ಪರಿಣಾಮ ಕಂಡುಬಂತು. ಆದರೆ ಅದು ಹಳೆಯ ಕತೆಯಲ್ಲಿ ಕೇಳುವಷ್ಟು ನಾಟಕೀಯವಾಗಿರಲಿಲ್ಲ. ಆದ್ದರಿಂದ ಸುತ್ತಲಿನ ದೃಶ್ಯ ಯಾವ ಮುಖವನ್ನು ಬೇಕಾದರೂ ಹೇಗೆ ಬೇಕಾದರೂ ಬದಲಿಸಿಬಿಡುತ್ತದೆ ಎಂದು ನಾನು ವಾದಿಸುವುದಿಲ್ಲ. ಬಾಯಿ ತುಂಬ ನಗುತ್ತಿರುವ ಮಗುವಿನ ಮುಖವನ್ನು ಯಾವ ಹಿನ್ನೆಲೆಗೆ ಅಂಟಿಸಿದರೂ ಅದು ಅಳುವಂತೆ ಕಾಣುವುದು ಕಷ್ಟ. ಮುಖ ತಾನಾಗಿ ಏನನ್ನೂ ಸ್ಪಷ್ಟವಾಗಿ ಹೇಳದಿದ್ದಾಗ ಸುತ್ತಲಿನದು ಅದರ ಪರವಾಗಿ ಮಾತಾಡತೊಡಗುತ್ತದೆ.

ಸುದ್ದಿಮನೆಗೆ ಸಿಗುವ ಮುಖಗಳಲ್ಲಿ ಬಹುಪಾಲು ಇಂತಹವೇ ಎಂಬುದನ್ನು ತಾವು ಗಮನಿಸಬೇಕು. ಅಪಘಾತವಾಗಲಿ, ಬಂಧನವಾಗಲಿ, ಕಾಣೆಯಾದ ಪ್ರಕರಣವಾಗಲಿ, ವರದಿಗಾರರ ಕೈಗೆ ಸಿಗುವುದು ಯಾವುದೋ ಗುರುತಿನ ಚೀಟಿಯ ಚಿತ್ರ. ಪಾಸ್‌ಪೋರ್ಟಿನ ನಿಯಮವೇ ಹಾಗಿದೆ: ಹಿನ್ನೆಲೆ ಬಿಳಿಯದಾಗಿರಬೇಕು, ಮುಖದಲ್ಲಿ ಭಾವ ಇರಬಾರದು, ಬಾಯಿ ಮುಚ್ಚಿರಬೇಕು. ಗುರುತು ಹಿಡಿಯುವ ಕೆಲಸಕ್ಕೆ ಅದು ಸರಿ. ಆದರೆ ಸುತ್ತಲಿನದೆಲ್ಲವನ್ನೂ ತೆಗೆದುಹಾಕಿದ, ನಗುವನ್ನೂ ಅಳಿಸಿದ ಆ ಮುಖ, ಕುಲೆಶೋವ್ ತಮ್ಮ ಪ್ರಯೋಗಕ್ಕೆ ಆರಿಸಿಕೊಂಡಂತಹ ಖಾಲಿ ಪಾತ್ರೆಯೇ ಆಗಿರುತ್ತದೆ. ಅದರಲ್ಲಿ ತಲೆಬರಹವನ್ನು ಸುರಿದರೆ ಅದರ ಬಣ್ಣವೇ ತುಂಬಿಕೊಳ್ಳುತ್ತದೆ. ರ್‍ಯಾಂಕ್ ಬಂದ ಸುದ್ದಿಯ ಪಕ್ಕದಲ್ಲಿ ಅದೇ ಬಿಗಿದ ತುಟಿ ಏಕಾಗ್ರತೆಯಾಗುತ್ತದೆ, ಅಪಘಾತದ ಸುದ್ದಿಯ ಪಕ್ಕದಲ್ಲಿ ಪಾಪದ ಮುಖವಾಗುತ್ತದೆ, ಕಳವಿನ ಸುದ್ದಿಯ ಪಕ್ಕದಲ್ಲಿ ಕಲ್ಲು ಮನಸ್ಸಾಗುತ್ತದೆ. ಅಂತಹ ಮುಖಗಳನ್ನು ಸಾವಿರಾರು ಸಂಖ್ಯೆಯಲ್ಲಿ ತಯಾರಿಸಿ ಕೊಟ್ಟವನು ನಾನು. ಆ ಹೊಣೆಯೂ ಈ ಪತ್ರ ಬರೆಯಲು ಒಂದು ಕಾರಣ.

ಚಿತ್ರದ ಕೆಳಗಿನ ಎರಡು ಪದಗಳು ಕೂಡ ಸುತ್ತಣ ದೃಶ್ಯದ ಕೆಲಸವನ್ನೇ ಮಾಡುತ್ತವೆ ಎಂಬುದನ್ನು ಮೊದಲು ಒಪ್ಪಿಕೊಂಡವರಲ್ಲಿ ಚಾರ್ಲ್ಸ್ ಡಾರ್ವಿನ್ ಒಬ್ಬರು. ಫ್ರಾನ್ಸಿನ ವೈದ್ಯ ದುಶೆನ್ ಮುಖದ ಸ್ನಾಯುಗಳಿಗೆ ವಿದ್ಯುತ್ ಹರಿಸಿ ಬೇರೆ ಬೇರೆ ಭಾವಗಳನ್ನು ಮೂಡಿಸಿ ತೆಗೆಸಿದ್ದ ಚಿತ್ರಗಳನ್ನು ಡಾರ್ವಿನ್ ಅಭ್ಯಾಸ ಮಾಡಿದ್ದರು. ವಿವರಣೆಯನ್ನು ಓದುತ್ತ ನೋಡಿದಾಗ ಬಹುತೇಕ ಎಲ್ಲ ಚಿತ್ರಗಳೂ ಅವರಿಗೆ ಅದ್ಭುತವಾಗಿ ನಿಜವೆನಿಸಿದವು. ವಿವರಣೆಯಿಲ್ಲದೆ ನೋಡಿದ್ದರೆ ಕೆಲವು ಚಿತ್ರಗಳ ವಿಷಯದಲ್ಲಿ ಬೇರೆಯವರಂತೆ ತಾನೂ ಗೊಂದಲಕ್ಕೆ ಬೀಳುತ್ತಿದ್ದೆನೆಂದು ಅವರು 1872ರ ತಮ್ಮ ಗ್ರಂಥದಲ್ಲಿ ಬರೆದರು. ಇಪ್ಪತ್ತಕ್ಕೂ ಹೆಚ್ಚು ಮಂದಿ ವಿದ್ಯಾವಂತರಿಗೆ ಅವೇ ಚಿತ್ರಗಳನ್ನು ಏನೂ ಹೇಳದೆ ತೋರಿಸಿ ಕೇಳಿದಾಗ, ಕೆಲವು ಭಾವಗಳನ್ನು ಬಹುತೇಕ ಎಲ್ಲರೂ ಗುರುತಿಸಿದರು, ಇನ್ನು ಕೆಲವಕ್ಕೆ ಒಬ್ಬೊಬ್ಬರು ಒಂದೊಂದು ಹೇಳಿದರು. ಜೀವಮಾನವೆಲ್ಲ ಸೂಕ್ಷ್ಮವಾಗಿ ನೋಡುವುದನ್ನೇ ಕಸುಬು ಮಾಡಿಕೊಂಡಿದ್ದ ವಿಜ್ಞಾನಿಯ ಕಣ್ಣನ್ನೇ ಅಡಿಬರಹ ನಡೆಸಿತ್ತೆಂದ ಮೇಲೆ, ಬಸ್ಸಿನಲ್ಲಿ ನಿಂತು ಪತ್ರಿಕೆ ತಿರುವುವ ನಮ್ಮಂಥವರ ಪಾಡು ಊಹಿಸಬಹುದು.

ಇದು ನಾವು ಯೋಚಿಸಿ ಮಾಡುವ ತಪ್ಪಲ್ಲ, ಯೋಚಿಸುವುದಕ್ಕೆ ಮೊದಲೇ ಆಗಿಹೋಗುವಂತಹದು. ನೆದರ್ಲೆಂಡ್ಸ್‌ನ ಸಂಶೋಧಕರಾದ ರಿಘಾರ್ಟ್ ಮತ್ತು ಡಿ ಗೆಲ್ಡರ್ ಅವರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಖ ಕಣ್ಣಿಗೆ ಬಿದ್ದು ಸುಮಾರು 170 ಮಿಲಿಸೆಕೆಂಡುಗಳಲ್ಲಿ, ಅಂದರೆ ಸೆಕೆಂಡಿನ ಆರನೇ ಒಂದು ಭಾಗದಷ್ಟು ಹೊತ್ತಿನಲ್ಲಿ, ಮಿದುಳಿನಲ್ಲಿ ಏಳುವ ವಿದ್ಯುತ್ ಅಲೆಯೇ ಹಿನ್ನೆಲೆಯ ದೃಶ್ಯ ಭಯಾನಕವೋ ಅಲ್ಲವೋ ಎಂಬುದನ್ನು ಅವಲಂಬಿಸಿ ಬದಲಾಗುವುದು ಕಂಡುಬಂದಿತು. ಸುದ್ದಿಯನ್ನು ಪೂರ್ತಿ ಓದಿ, 'ಆರೋಪ ಇನ್ನೂ ಸಾಬೀತಾಗಿಲ್ಲ' ಎಂಬ ಕೊನೆಯ ಸಾಲಿಗೆ ಓದುಗ ತಲುಪುವಷ್ಟರಲ್ಲಿ ಮುಖದ ಓದು ಎಂದೋ ಮುಗಿದಿರುತ್ತದೆ.

2012ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅವಿಯೇಜರ್, ತ್ರೋಪ್ ಮತ್ತು ತೊದೊರೊವ್ ಪ್ರಕಟಿಸಿದ ಅಧ್ಯಯನ ನನ್ನನ್ನು ಇನ್ನೂ ಹೆಚ್ಚು ಕಾಡಿತು. ಟೆನಿಸ್ ಪಂದ್ಯದಲ್ಲಿ ಪಾಯಿಂಟ್ ಗೆದ್ದ ಮತ್ತು ಸೋತ ಕ್ಷಣದ ಆಟಗಾರರ ಚಿತ್ರಗಳನ್ನು ಅವರು ಜನರಿಗೆ ತೋರಿಸಿದರು. ಮುಖವನ್ನಷ್ಟೇ ಕತ್ತರಿಸಿ ತೋರಿಸಿದಾಗ ಗೆದ್ದವರು ಯಾರು, ಸೋತವರು ಯಾರು ಎಂದು ಹೇಳಲಾಗಲಿಲ್ಲ. ಮುಖವನ್ನು ಮರೆಮಾಡಿ ದೇಹವನ್ನಷ್ಟೇ ತೋರಿಸಿದಾಗ ಹೇಳಿದರು. ಗೆದ್ದವನ ಮುಖವನ್ನು ಸೋತವನ ದೇಹಕ್ಕೆ ಅಂಟಿಸಿದರೆ ಆ ಮುಖ ಸೋತಂತೆಯೇ ಕಂಡಿತು. ದೇಹವನ್ನು ನೋಡಿ ತೀರ್ಮಾನಿಸಿದ್ದರೂ ತಾವು ಮುಖದಿಂದಲೇ ತಿಳಿದುಕೊಂಡೆವೆಂದು ಜನ ನಂಬಿದ್ದರು. ಭಾವ ಅತಿಯಾದಾಗ ಮುಖ ಹೆಚ್ಚು ಸ್ಪಷ್ಟವಾಗಿ ಮಾತಾಡುತ್ತದೆ ಎಂದು ನಾವು ತಿಳಿದಿದ್ದೇವೆ. ಅಲ್ಲಿಯೂ ಅದು ಹಾಗಿರಲಿಲ್ಲ.

ನನ್ನ ಕಸುಬಿನಲ್ಲಿ ಇದನ್ನು ನಾನು ಹೆಚ್ಚಾಗಿ ಕಂಡಿರುವುದು ಸಾವಿನ ಮನೆಗಳಲ್ಲಿ. ನಮ್ಮ ಕಡೆ ಹಿರಿಯರು ತೀರಿಕೊಂಡರೆ ಕೈಲಾಸ ಸಮಾರಾಧನೆಯ ಅಥವಾ ವೈಕುಂಠ ಸಮಾರಾಧನೆಯ ಕಾರ್ಡಿಗೆ, ಫ್ಲೆಕ್ಸಿಗೆ, ಗೋಡೆಗೆ ಹಾಕುವ ಫ್ರೇಮಿಗೆ ಒಂದು ಮುಖ ಬೇಕು. ಒಂಟಿಯಾಗಿ ತೆಗೆಸಿಕೊಂಡ ಚಿತ್ರ ಎಷ್ಟೋ ಅಜ್ಜಿಯರದು ಇರುವುದಿಲ್ಲ. ಆಗ ಮನೆಯವರು ಯಾವುದೋ ಮದುವೆಯ ಆಲ್ಬಮ್ ಹಿಡಿದು ಬರುತ್ತಾರೆ, ಗುಂಪಿನಲ್ಲಿ ಕುಳಿತ ಅಜ್ಜಿಯ ಮುಖವನ್ನು ನಾನು ಕತ್ತರಿಸಿ, ದೊಡ್ಡದು ಮಾಡಿ, ಹಿಂದೆ ನೀಲಿ ಬಣ್ಣ ಕೊಟ್ಟು, ಹಾರ ಹಾಕಲು ಜಾಗ ಬಿಟ್ಟು ಕೊಡುತ್ತೇನೆ. ಒಮ್ಮೆ ಹೀಗೆ ಮಾಡಿಕೊಟ್ಟ ಚಿತ್ರವನ್ನು ನೋಡುತ್ತಲೇ ಮಗಳು ಕಣ್ಣೀರಿಟ್ಟರು. "ಅವ್ವನಿಗೆ ಆಗಲೇ ಗೊತ್ತಾಗಿತ್ತು ಅನಿಸುತ್ತೆ ಅಣ್ಣಾ, ಕಣ್ಣಲ್ಲಿ ಎಷ್ಟು ನೋವಿದೆ ನೋಡಿ" ಎಂದರು. ಮೂಲ ಚಿತ್ರ ಮೇಜಿನ ಮೇಲೆಯೇ ಇತ್ತು. ಅದರಲ್ಲಿ ಅಜ್ಜಿ ಪಂಕ್ತಿಯ ಊಟಕ್ಕೆ ಕುಳಿತು, ಪಕ್ಕದ ಎಲೆಯ ಮೊಮ್ಮಗ ಹೋಳಿಗೆಯನ್ನು ನೆಲಕ್ಕೆ ಬೀಳಿಸಿದ್ದನ್ನು ನೋಡುತ್ತಿದ್ದರು. ನಾನು ಏನನ್ನೂ ಹೇಳಲಿಲ್ಲ. ದುಃಖದಲ್ಲಿರುವ ಮಗಳು ತಾಯಿಯ ಮುಖದಲ್ಲಿ ನೋವನ್ನು ಕಾಣುವುದರಿಂದ ಯಾರಿಗೂ ಕೇಡಿಲ್ಲ. ಅವರ ಮಟ್ಟಿಗೆ ಅದೇ ಸತ್ಯ. ಆದರೆ ಹೋಳಿಗೆಯನ್ನೂ ಮೊಮ್ಮಗನನ್ನೂ ತೆಗೆದು ಹಾರವನ್ನು ಹಾಕಿದರೆ ಒಂದು ಮುಖ ಎಷ್ಟು ದೂರ ಹೋಗಿಬಿಡುತ್ತದೆ ಎಂಬುದನ್ನು ನಾನು ಅಂದು ಕಣ್ಣಾರೆ ಕಂಡೆ.

ಈ ಜಿಲ್ಲೆಯವರಿಗೆ ಇದನ್ನು ತಿಳಿಯಲು ರಷ್ಯಾದ ಫಿಲ್ಮಿನವರೆಗೆ ಹೋಗಬೇಕಾಗಿಯೂ ಇಲ್ಲ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ, ಹೊರಗೆ 38, ಒಳಗೆ 4, ಒಟ್ಟು 42 ಮದನಿಕೆಯರಿದ್ದಾರೆ. ಕನ್ನಡಿ ನೋಡಿಕೊಳ್ಳುವವಳಲ್ಲಿ ಹೆಮ್ಮೆ, ಗಿಳಿಯೊಡನೆ ಮಾತಾಡುವವಳಲ್ಲಿ ಸಲಿಗೆ, ಸೀರೆ ಎಳೆಯುವ ಕೋತಿಯನ್ನು ಗದರುವವಳಲ್ಲಿ ಮುನಿಸು ಹೀಗೆ ಒಬ್ಬೊಬ್ಬಳ ಮುಖದಲ್ಲಿ ಒಂದೊಂದು ಭಾವವಿದೆಯೆಂದು ನಾವೆಲ್ಲ ಹೇಳುತ್ತೇವೆ. ಹಲವು ವರ್ಷಗಳ ಹಿಂದೆ ನಾನು ಆ ಮದನಿಕೆಯರ ಮುಖಗಳನ್ನಷ್ಟೇ ಟೆಲಿ ಲೆನ್ಸಿನಲ್ಲಿ ತೆಗೆದು, ಪ್ರಿಂಟ್ ಹಾಕಿ, ಮನೆಯಲ್ಲಿ ಚಾಪೆಯ ಮೇಲೆ ಸಾಲಾಗಿ ಜೋಡಿಸಿದೆ. ಯಾವುದು ಯಾರದೆಂದು ತೆಗೆದ ನನಗೇ ಗೊತ್ತಾಗಲಿಲ್ಲ. ಅರೆ ಮುಚ್ಚಿದ ರೆಪ್ಪೆ, ತುಂಬುಗೆನ್ನೆ, ಸಣ್ಣ ನಗೆಯ ತುಟಿ, ಎಲ್ಲವೂ ಅಕ್ಕತಂಗಿಯರ ಮುಖಗಳು. ಹೆಮ್ಮೆ ಇದ್ದದ್ದು ಕನ್ನಡಿ ಹಿಡಿದ ಕೈಯಲ್ಲಿ, ಮುನಿಸು ಇದ್ದದ್ದು ಕೋತಿಯ ಹಿಡಿತದಲ್ಲಿ ಮತ್ತು ಅವಳ ಮೈಯ ಬಳುಕಿನಲ್ಲಿ. ಎಲ್ಲರ ಮುಖಗಳೂ ಹಾಗೆಯೇ ಎಂದು ನಾನು ಹೇಳಲಾರೆ, ಆದರೆ ಶಿಲ್ಪಿಗಳು ಭಾವವನ್ನು ಇಡೀ ದೃಶ್ಯಕ್ಕೆ ಹಂಚಿದ್ದಾರೆಂಬುದರಲ್ಲಿ ನನಗೆ ಅನುಮಾನವಿಲ್ಲ.

ಶ್ರವಣಬೆಳಗೊಳದಲ್ಲಿ ಇದನ್ನೇ ಇನ್ನೊಂದು ಬಗೆಯಲ್ಲಿ ಕಂಡಿದ್ದೇನೆ. 1993, 2006 ಮತ್ತು 2018ರ ಮಹಾಮಸ್ತಕಾಭಿಷೇಕಗಳಿಗೆ ಕ್ಯಾಮೆರಾ ಹಿಡಿದು ಹೋಗಿದ್ದೆ. ಹತ್ತನೆಯ ಶತಮಾನದಿಂದಲೂ ಆ ಕಲ್ಲಿನ ತುಟಿ ಕದಲಿಲ್ಲ. ಹಾಲು ಇಳಿಯುವಾಗ ಆ ಮುಖ ಎಳೆಯ ಮಗುವಿನಂತೆ ಕಂಡಿತು. ಅರಿಸಿನದ ನೀರು ಇಳಿದಾಗ ಹಬ್ಬದ ಮನೆಯ ಯಜಮಾನನಂತೆ. ಚಂದನದ ಕೆಂಪು ಇಳಿದಾಗ ಪಕ್ಕದಲ್ಲಿದ್ದ ಹಿರಿಯರೊಬ್ಬರು ಭರತನೊಡನೆ ಯುದ್ಧಕ್ಕೆ ನಿಂತ ಬಾಹುಬಲಿಯೇ ಕಂಡನೆಂದು ಕೈಮುಗಿದರು. ಜನಜಂಗುಳಿಯೆಲ್ಲ ಇಳಿದುಹೋದ ಮೇಲೆ, ಬರಿಯ ಆಕಾಶದ ಎದುರು, ಮತ್ತೆ ಅದೇ ವಿರಾಗಿ.

ಇನ್ನು ನನ್ನದೇ ಒಂದು ತಪ್ಪನ್ನು ಹೇಳಬೇಕು. ಬೇಲೂರಿನ ರಥೋತ್ಸವದಲ್ಲಿ ತೆಗೆದ ಚಿತ್ರವೊಂದು ನನ್ನಲ್ಲಿತ್ತು. ಚೈತ್ರದ ನಡುಹಗಲಿನ ಬಿಸಿಲು. ಬಿಳಿ ಪಂಚೆ, ಹೆಗಲಲ್ಲಿ ಟವೆಲು, ವಯಸ್ಸಾದ ರೈತರೊಬ್ಬರು ಕತ್ತೆತ್ತಿ ತೇರಿನ ತುದಿಯ ಕಳಶವನ್ನು ನೋಡುತ್ತಿದ್ದಾರೆ. ಬಿಸಿಲಿಗೆ ಹುಬ್ಬು ಗಂಟಾಗಿದೆ, ಕಣ್ಣು ಕಿರಿದಾಗಿದೆ, ಬಾಯಿ ಸ್ವಲ್ಪ ತೆರೆದಿದೆ. ಪರಿಚಯದ ವರದಿಗಾರರೊಬ್ಬರು ಕೇಳಿದಾಗ, ಯಾವುದಕ್ಕೆಂದು ವಿಚಾರಿಸದೆ ಪ್ರಿಂಟ್ ಕೊಟ್ಟೆ. ಮಳೆ ಕೈಕೊಟ್ಟ ಆ ವರ್ಷ ರೈತರ ಸಾಲದ ಬಗೆಗಿನ ಲೇಖನದ ಜೊತೆಗೆ, ತೇರನ್ನೂ ಜನರನ್ನೂ ಕತ್ತರಿಸಿ ಬರಿಯ ಮುಖವಾಗಿ ಅದು ಅಚ್ಚಾಯಿತು. ಲೇಖನದಲ್ಲಿ ಸುಳ್ಳೇನೂ ಇರಲಿಲ್ಲ, ಬರೆದವರ ಕಳಕಳಿಯೂ ನಿಜವಾದದ್ದೇ. ಆದರೆ ಆ ಮುಖದಲ್ಲಿ ಊರೆಲ್ಲ ಹತಾಶೆಯನ್ನು ಕಂಡಿತು. ಪರಊರಿಗೆ ಕೊಟ್ಟಿದ್ದ ಮಗಳು ಗಾಬರಿಯಿಂದ ರಾತ್ರೋರಾತ್ರಿ ಬಸ್ಸು ಹತ್ತಿ ಬಂದರು. ಆ ಹಿರಿಯರು ಯಾರಿಂದಲೂ ಸಾಲ ಪಡೆದವರಲ್ಲ. "ತೇರು ನೋಡಕ್ಕೆ ಹೋಗಿದ್ದೆ ಕಣಪ್ಪಾ, ನನ್ನ ಮಕ ಹಿಂಗೆ ಯಾಕೆ ಮಾಡಿದ್ರಿ" ಎಂದು ಅವರು ನನ್ನನ್ನು ಕೇಳಿದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮುಖವನ್ನು ಯಾರೂ ತಿದ್ದಿರಲಿಲ್ಲ. ಟಚಿಂಗ್ ಕೂಡ ಮಾಡಿರಲಿಲ್ಲ. ತೇರನ್ನು ತೆಗೆದಿದ್ದರು, ಅಷ್ಟೇ.

ಇದರಲ್ಲಿ ಹೋಗುವುದು ಮಾನ ಮಾತ್ರವಲ್ಲ, ಪ್ರಾಣವೂ ಹೋದದ್ದುಂಟು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯ ಬಳಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟರೆಂಬ ಕಾರಣಕ್ಕೆ ಮಕ್ಕಳ ಕಳ್ಳರೆಂದು ಶಂಕಿಸಿ ಕಾರಿನಲ್ಲಿ ಬಂದಿದ್ದವರ ಮೇಲೆ ಗುಂಪು ಎರಗಿ, ಹೈದರಾಬಾದಿನ ಯುವ ಎಂಜಿನಿಯರೊಬ್ಬರನ್ನು ಕೊಂದಿತು. ಆ ತಿಂಗಳುಗಳಲ್ಲಿ ವಾಟ್ಸ್ಆ್ಯಪಿನಲ್ಲಿ ಹರಿದಾಡುತ್ತಿದ್ದ ವದಂತಿಗಳೇ ಜನರ ಕಣ್ಣಿಗೆ ಹಿನ್ನೆಲೆಯಾಗಿದ್ದವು. ಬೇರೆ ಕಾಲದಲ್ಲಿ ಮಕ್ಕಳಿಗೆ ಸಿಹಿ ಕೊಡುವವರ ನಗು ಅಕ್ಕರೆಯಾಗಿ ಕಂಡೀತು. ಇಂದು ಸಕಲೇಶಪುರ, ಮೂಡಿಗೆರೆಯ ಕಾಫಿ ತೋಟಗಳಿಗೆ ಅಸ್ಸಾಮಿನಿಂದಲೂ ಬೇರೆ ರಾಜ್ಯಗಳಿಂದಲೂ ಕೂಲಿಗೆ ಬಂದಿರುವವರು ಗುರುತಿನ ಚಿತ್ರಕ್ಕೆಂದು ನನ್ನಂಥವರ ಅಂಗಡಿಗೆ ಬರುತ್ತಾರೆ. ಭಾಷೆ ತಿಳಿಯದೆ, ಕ್ಯಾಮೆರಾದ ಎದುರು ಸೆಟೆದು ಕುಳಿತ ಅವರ ಮುಖಗಳು ನಾಳೆ ಯಾವ ತಲೆಬರಹದ ಪಕ್ಕದಲ್ಲಿ ಬಂದರೂ ಆ ತಲೆಬರಹಕ್ಕೆ ತಕ್ಕಂತೆಯೇ ಕಾಣುತ್ತವೆ ಎಂಬ ಅಳುಕು ನನಗೆ ಈಗ ಪ್ರತಿ ಸಲವೂ ಆಗುತ್ತದೆ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇದು. ವಿಚಾರಣೆಗೆ ಕರೆದೊಯ್ದವರ, ಬಂಧಿತರಾದವರ ಮುಖವನ್ನು ಆರೋಪದ ತಲೆಬರಹದ ಮಗ್ಗುಲಲ್ಲಿ ಹಾಕುವ ರೂಢಿಯನ್ನು ದಯವಿಟ್ಟು ಬಿಡಿ. ಸಾಕ್ಷಿಗಳಿಂದ ಗುರುತು ಪತ್ತೆ ಮಾಡಿಸಬೇಕಾದ ಪ್ರಕರಣಗಳಲ್ಲಿ ಚಿತ್ರ ಮೊದಲೇ ಪತ್ರಿಕೆಯಲ್ಲಿ ಬಂದರೆ ಆ ಗುರುತಿಸುವಿಕೆಯ ಬೆಲೆಯೇ ಕುಗ್ಗುತ್ತದೆ, ಹಾಗಾಗಿ ತನಿಖೆಗೂ ಅದರಿಂದ ಹಿತವಿಲ್ಲ. ಪೊಲೀಸರು ಹುಡುಕುತ್ತಿರುವವರ ಚಿತ್ರವನ್ನು ಸಾರ್ವಜನಿಕರ ನೆರವಿಗಾಗಿ ಪ್ರಕಟಿಸುವುದು ಬೇರೆಯ ಮಾತು. ಅದರ ಅಗತ್ಯವನ್ನು ನಾನು ಒಪ್ಪುತ್ತೇನೆ. ಹಳೆಯ ಚಿತ್ರವನ್ನು ಹೊಸ ಸುದ್ದಿಗೆ ಬಳಸಿದಾಗ 'ಸಂಗ್ರಹ ಚಿತ್ರ' ಎಂದಷ್ಟೇ ಹಾಕಿದರೆ ಸಾಲದು. ಎಲ್ಲಿ, ಯಾವ ವರ್ಷ, ಯಾವ ಸಂದರ್ಭದಲ್ಲಿ ತೆಗೆದದ್ದೆಂದು ಒಂದು ಸಾಲು ಇರಲಿ. ಸಾಧ್ಯವಾದಲ್ಲೆಲ್ಲ ಮುಖದೊಂದಿಗೆ ಕೈಗಳನ್ನೂ, ನಿಂತ ನೆಲವನ್ನೂ, ಪಕ್ಕದವರನ್ನೂ ಉಳಿಸಿಕೊಳ್ಳಿ. ಕಾಲಮ್ಮಿನ ಜಾಗ ಎಷ್ಟು ದುಬಾರಿಯೆಂದು ನನಗೆ ಗೊತ್ತು. ಆದರೂ ಆ ಅರ್ಧ ಅಂಗುಲದಲ್ಲಿ ಒಂದು ತೇರು ಇರಬಹುದು. ಅಡಿಬರಹದಲ್ಲಿ 'ಕಂಗಾಲಾದ ರೈತ', 'ಪಶ್ಚಾತ್ತಾಪವಿಲ್ಲದ ಆರೋಪಿ' ಎಂದು ಭಾವವನ್ನು ಬರೆಯುವ ಬದಲು ಅವರು ಏನು ಮಾಡುತ್ತಿದ್ದರೆಂದು ಬರೆಯಿರಿ. ನಿರ್ದೋಷಿಯೆಂದು ಬಿಡುಗಡೆಯಾದವರ ಮುಖವನ್ನು ಹಿಂದೆ ಪ್ರಕಟಿಸಿದ್ದರೆ, ಅವರು ಒಪ್ಪುವುದಾದರೆ, ಅದೇ ಪುಟದಲ್ಲಿ ಅಷ್ಟೇ ಅಳತೆಯಲ್ಲಿ ಬಿಡುಗಡೆಯ ಸುದ್ದಿಯೊಂದಿಗೆ ಮತ್ತೆ ಪ್ರಕಟಿಸಿ. ಒಮ್ಮೆ ಕಳ್ಳನೆಂದು ಓದಿದ ಮುಖವನ್ನು ಬೇರೆ ರೀತಿಯಲ್ಲಿ ಓದಲು ಓದುಗರಿಗೂ ಒಂದು ಅವಕಾಶ ಬೇಕು.

ಬೇಲೂರಿನ ಆ ಹಿರಿಯರು ಈಗ ಇಲ್ಲ. ನೆಗೆಟಿವ್ ನನ್ನಲ್ಲಿ ಇನ್ನೂ ಇದೆ. ಅವರ ಮಗಳ ಒಪ್ಪಿಗೆ ಪಡೆದು ಅದರಿಂದ ಹೊಸದಾಗಿ ಪ್ರಿಂಟ್ ಹಾಕಿಸಿ ಈ ಪತ್ರದೊಂದಿಗೆ ಕಳಿಸುತ್ತಿದ್ದೇನೆ. ಎಡಕ್ಕೆ ತೇರಿನ ಗಾಲಿ, ಮೇಲೆ ಕಳಶ, ಬಲಕ್ಕೆ ಬಾಳೆಹಣ್ಣು ಎಸೆಯಲು ಕೈಯೆತ್ತಿದ ಇಬ್ಬರು ಹುಡುಗರು, ನಡುವೆ ಅವರು. ಪ್ರಕಟಿಸುವುದಾದರೆ ಯಾವ ಅಂಚನ್ನೂ ಕತ್ತರಿಸದೆ ಪ್ರಕಟಿಸಬೇಕೆಂದೂ, ಕೆಳಗೆ 'ಬೇಲೂರು ರಥೋತ್ಸವ, ಕಳಶ ನೋಡುತ್ತಿರುವ ಹಿರಿಯರು' ಎಂದಷ್ಟೇ ಬರೆಯಬೇಕೆಂದೂ ಮಗಳು ಹೇಳಿ ಕಳಿಸಿದ್ದಾರೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಛಾಯಾಗ್ರಾಹಕ
ಹಾಸನ